ರಾಜ್ಯ ಕೂಡಿದ ದಿನ ಬಾವಿ ಕೂಡಲಿಲ್ಲ

ಏ, ಆ ಕಡೆ ಚಹಾದಂಗಡಿ ಮುಂದ ನಿಂತವ್ರ, ಒಂದೀಟು ಈ ಕಡೆ ಕಿವಿ ಕೊಡ್ರಿ. ಹೊಳೆಪ್ಪಾ, ಗಾಡಿ ಬಂದ್ ಮಾಡಲೇ. ಅನಸವ್ವಕ್ಕಾ, ಕಸಬರಿಗಿ ಬಾಜೂಕ ಇಟ್ಟು ಬಾ. ಉದ್ದ ಐತಿ ಇದು, ನಡುವ ಬಿಟ್ಟು ಹೋಗಬ್ಯಾಡ್ರಿ.

ರಬಕವಿ ಬನಹಟ್ಟಿ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ಮೊದಲಿನಿಂದಲೂ ಹೀಗೇ ಇತ್ತೇ ಎಂದು ನಿನ್ನೆ ಯಾರೋ ಕೇಳಿದ್ದರು. ಇರಲಿಲ್ಲ. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗಲಿಯದು. ಮಹಾಲಿಂಗಪುರಕ್ಕೆ ಹೋದರೆ ಮುಧೋಳದ ರಾಜ್ಯ, ಬೀಳಗಿಗೆ ಹೋದರೆ ಇಂಗ್ಲಿಷರದು. ಒಂದು ಜೋಡಿ ಎತ್ತು ದಣಿಯುವಷ್ಟರಲ್ಲಿ ನಾಲ್ಕು ಸರಕಾರ ದಾಟಬಹುದಿತ್ತು. ಬನಹಟ್ಟಿಗೂ ರಬಕವಿಗೂ ನಡುವೆ ಒಂದು ಜಕಾತಿ ನಾಕಾ, ಅಂದರೆ ಸುಂಕದ ಕಟ್ಟೆ. ರಸ್ತೆಗೆ ಅಡ್ಡ ಒಂದು ಮರದ ಕಂಬ, ಪಕ್ಕದಲ್ಲಿ ಒಂದು ಗುಡಿಸಲು, ಗುಡಿಸಲೊಳಗೆ ಗುರಪ್ಪ ಎಂಬ ಕಾರಕೂನ. ಏನು ಒಯ್ಯುತ್ತೀ ಎಂದು ಕೇಳಿ, ಹೇಳಿದ ಮೇಲೆ ಕಂಬ ಎತ್ತುವುದು ಅವನ ಕೆಲಸ.

ನಾನು ಹೇಳಹೊರಟಿರುವುದು ಆ ಕಂಬ ಕೆಳಗೆ ಬಿದ್ದ ದಿನದ ಕಥೆ. ಅದನ್ನು ನನಗೆ ಹೇಳಿದವಳು ನಮ್ಮ ಮುತ್ತಜ್ಜಿ ರಾಜಮತಿ. ಕಥೆ ಅವಳ ಮಾವ ಭರತೇಶಪ್ಪನದು.

ಭರತೇಶಪ್ಪ ಬನಹಟ್ಟಿಯ ದಿಗಂಬರ ಜೈನರ ಓಣಿಯ ಹಿರಿಯ. ಎರೆ ಹೊಲ, ನಾಲ್ಕು ಎತ್ತು, ಬಾಗಿಲಿಗೆ ತಲೆ ತಾಗುವಂಥ ಎತ್ತರ, ಮೂಗಿನ ತುದಿಯಲ್ಲಿ ಸಿಟ್ಟು. ಆ ಮನುಷ್ಯನಿಗೆ ಸಿಟ್ಟಾಗಲು ಕಾರಣವೇ ಬೇಕಿಲ್ಲ ಎಂದು ಊರವರು ನಗುತ್ತಿದ್ದರಂತೆ. ರಾಜಮತಿ ಅದನ್ನು ಒಪ್ಪುತ್ತಿರಲಿಲ್ಲ. ಕಾರಣ ಇರುತ್ತಿತ್ತು, ಕೇಳುವ ತಾಳ್ಮೆ ನಮಗಿರಲಿಲ್ಲ ಎನ್ನುತ್ತಿದ್ದಳು.

ಚಹಾ ಕಂಡರೆ ಅವನಿಗೆ ಸಿಟ್ಟು. ಹೊತ್ತು ಮುಳುಗಿದ ಮೇಲೆ ಸಭೆ ಸೇರಿ, ಚಿಮಣಿ ಬೆಳಕಿನಲ್ಲಿ ಹುಳು ಬಿದ್ದ ಅವಲಕ್ಕಿ ತಿಂದು, ದೇಶದ ಮಾತಾಡುವವರನ್ನು ಕಂಡರೆ ಇನ್ನೂ ಸಿಟ್ಟು. ತನ್ನ ತಟ್ಟೆಯಲ್ಲಿ ಏನು ಬಿದ್ದಿದೆ ಎಂದು ನೋಡದವನು ದೇಶದಲ್ಲಿ ಏನು ನಡೆದಿದೆ ಎಂದು ನೋಡುತ್ತಾನೆಯೇ ಎಂದು ಕೇಳುತ್ತಿದ್ದ. ಸಂಸ್ಥಾನಗಳೆಲ್ಲ ಹೋಗಿ ಮುಂಬೈ ಸರಕಾರಕ್ಕೆ ಸೇರುತ್ತವೆ ಎಂಬ ಸುದ್ದಿ ಬಂದಾಗಿನಿಂದಂತೂ ಕಟ್ಟೆಯ ಮೇಲೆ ಕೂತು ಹೋಗುವ ಬರುವವರಿಗೆಲ್ಲ ಒಂದೇ ಲೆಕ್ಕ ಒಪ್ಪಿಸುತ್ತಿದ್ದ. ರಾಜನ ಅರಮನೆ ಇಲ್ಲಿಂದ ನಾಲ್ಕು ಹರದಾರಿ. ಅನ್ಯಾಯವಾದರೆ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಮಧ್ಯಾಹ್ನ ಅರಮನೆಯ ಮುಂದೆ ಕೂಗಾಡಿ, ಹೊತ್ತು ಮುಳುಗುವುದರೊಳಗೆ ಮನೆಗೆ ಬಂದು ಊಟ ಮಾಡಬಹುದು. ಮುಂಬೈಗೆ ಹೋಗಿ ಯಾವನ ಮುಂದೆ ಕೂಗಾಡುವುದು? ಅಲ್ಲಿ ಕುರ್ಚಿಯ ಮೇಲೆ ಕೂತವನಿಗೆ ಬನಹಟ್ಟಿ ಯಾವ ದಿಕ್ಕಿಗಿದೆ ಎಂದಾದರೂ ಗೊತ್ತೇ? ಈ ಮಾತಿಗೆ ಇವತ್ತಿಗೂ ಯಾರಾದರೂ ಉತ್ತರ ಕೊಟ್ಟಿದ್ದರೆ ನನಗೂ ಹೇಳಿ.

ಇನ್ನು ನೀರಿನ ವಿಷಯ. ಇದು ಗೊತ್ತಾಗದಿದ್ದರೆ ಕಥೆಯೇ ಗೊತ್ತಾಗುವುದಿಲ್ಲ.

ಆ ಮನೆಯಲ್ಲಿ ಸೋಸದ ನೀರನ್ನು ಯಾರೂ ಬಾಯಿಗೆ ಇಡುತ್ತಿರಲಿಲ್ಲ. ಎರಡು ಪದರಿನ ದಪ್ಪ ಅರಿವೆಯಲ್ಲಿ ನೀರು ಸೋಸಿದರೆ ಅರಿವೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು ಉಳಿಯುತ್ತವೆ. ಅರಿವೆಯನ್ನು ಬೋರಲು ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಆ ಜೀವಗಳನ್ನು ಒಂದು ಗಿಂಡಿಗೆ ಇಳಿಸಬೇಕು. ಅದಕ್ಕೆ ಜೀವಾಣಿ ಎನ್ನುತ್ತಾರೆ. ಜೀವಾಣಿಯನ್ನು ಚರಂಡಿಗೆ ಚೆಲ್ಲುವಂತಿಲ್ಲ, ಬೇರೆ ಬಾವಿಗೂ ಹಾಕುವಂತಿಲ್ಲ. ಯಾವ ಬಾವಿಯಿಂದ ನೀರು ಬಂತೋ ಅದೇ ಬಾವಿಗೆ ತಡಮಾಡದೆ ಮರಳಿಸಬೇಕು. ಒಂದು ಬಾವಿಯ ಜೀವಕ್ಕೆ ಇನ್ನೊಂದು ಬಾವಿಯ ನೀರು ಒಗ್ಗುವುದಿಲ್ಲ. ಮೇಲಿನಿಂದ ಸುರಿಯುವಂತೆಯೂ ಇಲ್ಲ, ಬಿದ್ದ ಪೆಟ್ಟಿಗೇ ಸಾಯುತ್ತವೆ. ಗಿಂಡಿಯ ತಳಕ್ಕೆ ಒಂದು ಕೊಂಡಿ ಇರುತ್ತದೆ, ಹಗ್ಗ ಅದಕ್ಕೆ ಕಟ್ಟುವುದು. ಆ ಹಗ್ಗವನ್ನು ಬಾಯಿಗೆ ಅಡ್ಡ ಸಿಕ್ಕಿಸಿದ ಕಡ್ಡಿಗೆ ತೊಡಕಿಸಿ ಇಳಿಬಿಟ್ಟರೆ ಗಿಂಡಿ ನೆಟ್ಟಗೆ ಇಳಿಯುತ್ತದೆ. ನೀರು ಮುಟ್ಟಿದ ಕೂಡಲೇ ಕಡ್ಡಿ ಜಾರುತ್ತದೆ, ಮೆಲ್ಲಗೆ ಎಳೆದರೆ ಗಿಂಡಿ ತಾನೇ ಬೋರಲಾಗುತ್ತದೆ.

ಭರತೇಶಪ್ಪ ಊಟಕ್ಕೆ ಕೂತಾಗ ತುತ್ತು ಎತ್ತುವ ಮೊದಲು ಪ್ರತಿದಿನ ಎರಡು ಪ್ರಶ್ನೆ ಕೇಳುತ್ತಿದ್ದ. ಯಾವ ಬಾವಿಯ ನೀರು? ಜೀವಾಣಿ ಮುಟ್ಟಿಸಿದಿರಾ? ಹೂಂ ಎಂದರೆ ಊಟ. ಇಷ್ಟೇ. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ರಾಜಮತಿ ಏಳುನೂರು ಸಲ ಹೂಂ ಎಂದಿದ್ದಳಂತೆ.

ಈ ನೀರಿನ ಶಿಸ್ತು ಅವನಿಗೆ ಅಪ್ಪ ನೇಮಣ್ಣನಿಂದ ಬಂದದ್ದು. ಭರತೇಶಪ್ಪನಿಗೆ ಇಪ್ಪತ್ತೊಂದು, ತಮ್ಮ ಶಾಂತಿನಾಥನಿಗೆ ಹನ್ನೊಂದು ವರ್ಷವಾಗಿದ್ದಾಗ ಬನಹಟ್ಟಿಗೆ ಪ್ಲೇಗು ಬಂತು. ಇಲಿ ಬೀಳತೊಡಗಿದ ಕೂಡಲೇ ಜನ ಮನೆ ಬಿಟ್ಟು ಗಡಿಯಾಚೆ ರಬಕವಿ ಕಡೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಲ್ಲಿ ನೇಮಣ್ಣನದೊಂದು ತೋಟವಿತ್ತು, ತೋಟದಲ್ಲಿ ಬಾವಿಯಿತ್ತು. ನೇಕಾರರು, ಕುಂಬಾರರು, ಹೊಲೆಗೇರಿಯವರು, ಎಲ್ಲರೂ ಕೊಡ ಹಿಡಿದು ಬಂದು ನಿಂತರು. ಓಣಿಯ ಹಿರಿಯರು ಬಾವಿ ಮುಚ್ಚು ಎಂದರು. ನೇಮಣ್ಣ ಮುಚ್ಚಲಿಲ್ಲ. ಬೇರೆ ಯಾರ ಕೈಗೂ ಹಗ್ಗ ಕೊಡಲಿಲ್ಲ, ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ತಾನೇ ಸೇದಿ, ತಾನೇ ಸೋಸಿ, ಬಂದವರ ಕೊಡಕ್ಕೆಲ್ಲ ಸುರಿದ. ಎರಡು ತಿಂಗಳು. ಅಂಗೈ ಸಿಪ್ಪೆ ಸುಲಿದು ಕೆಂಪಾಯಿತು. ಪ್ರತಿ ಸಂಜೆ ಜೀವಾಣಿ ಇಳಿಸುವ ಹೊತ್ತಿಗೆ ಇಬ್ಬರು ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ.

ಸಂಸ್ಥಾನದ ಪ್ರಜೆಗಳನ್ನು ಉಳಿಸಿದನೆಂದು ಜಮಖಂಡಿಯ ದಸರಾ ದರ್ಬಾರಿನಲ್ಲಿ ನೇಮಣ್ಣನಿಗೆ ಒಂದು ರುಮಾಲು ಸಿಕ್ಕಿತು. ದಾಳಿಂಬೆ ಬಣ್ಣ, ಜರಿಯ ಸೆರಗು, ಇಪ್ಪತ್ತು ಮೊಳ ಉದ್ದ.

ನೇಮಣ್ಣ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು. ಬನಹಟ್ಟಿಯ ಮನೆ ಮತ್ತು ರುಮಾಲು ಅಣ್ಣನಿಗೆ. ರಬಕವಿಯ ತೋಟ ಮತ್ತು ಬಾವಿ ತಮ್ಮನಿಗೆ. ಜಗಳವಿಲ್ಲದೆ ಆದ ಪಾಲು ಅದು. ಜಗಳ ಆಮೇಲೆ ಬಂತು.

ಶಾಂತಿನಾಥ ಖಾದಿ ಹಾಕಿದ, ಬಿಳಿ ಟೊಪ್ಪಿಗೆ ಹಾಕಿದ, ಸಂಸ್ಥಾನ ಬೇಡ ಎನ್ನುವವರ ಜೊತೆ ಸೇರಿದ, ಆರು ತಿಂಗಳು ಜೈಲಿಗೂ ಹೋಗಿ ಬಂದ. ಅಷ್ಟಕ್ಕೂ ಅಣ್ಣ ಬರೀ ಬೈದು ಸುಮ್ಮನಿದ್ದ. ಆದರೆ ಒಂದು ದಿನ ರಬಕವಿಯ ಸಭೆಯಲ್ಲಿ ಶಾಂತಿನಾಥ, ನಮ್ಮ ಮನೆಯಲ್ಲೂ ಒಂದು ಹಗ್ಗ ಇದೆ, ಇಪ್ಪತ್ತು ಮೊಳದ್ದು, ನಮ್ಮನ್ನು ಯಾರೂ ಕಟ್ಟಿಹಾಕಬೇಕಿಲ್ಲ, ದಿನಾ ಬೆಳಗ್ಗೆ ನಾವೇ ತಲೆಗೆ ಸುತ್ತಿಕೊಳ್ಳುತ್ತೇವೆ ಎಂದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮರುದಿನ ಬನಹಟ್ಟಿಗೆ ತಲುಪಿತು.

ಭರತೇಶಪ್ಪ ಅದೇ ರುಮಾಲು ಸುತ್ತಿಕೊಂಡು ನಾಕಾ ದಾಟಿ ಹೋದ. ತಮ್ಮನ ಅಂಗಳದಲ್ಲಿ ಬಾವಿಯ ಕಟ್ಟೆಗೆ ಕೈ ಇಟ್ಟು, ಬಸದಿಯ ದಿಕ್ಕಿಗೆ ಮುಖ ಮಾಡಿ ಆಣೆ ಮಾಡಿದ. ಈ ಅಂಗಳಕ್ಕೆ ಕಾಲಿಡುವುದಿಲ್ಲ, ಈ ಬಾವಿಯ ನೀರು ಮುಟ್ಟುವುದಿಲ್ಲ, ಇವನ ಜೊತೆ ಮಾತಾಡುವುದಿಲ್ಲ. ಹತ್ತು ವರ್ಷ ಆ ಮೂರೂ ಮಾತು ನಡೆದವು. ತಮ್ಮನ ಮಗಳ ಮದುವೆಗೂ ಹೋಗಲಿಲ್ಲ.

ಇಷ್ಟು ತಿಳಿಯಿತಲ್ಲ, ಈಗ ಆ ದಿನಕ್ಕೆ ಬನ್ನಿ. ಸಾವಿರದ ಒಂಬೈನೂರ ನಲವತ್ತೆಂಟರ ಮಾರ್ಚ್ ತಿಂಗಳು. ಅವತ್ತಿನಿಂದ ಜಮಖಂಡಿಯೂ ಇಲ್ಲ, ಸಾಂಗಲಿಯೂ ಇಲ್ಲ. ಸಂಜೆ ಎರಡೂ ಊರಿನವರು ಸೇರಿ ಮೆರವಣಿಗೆ ಮಾಡಿ ನಾಕಾದ ಕಂಬ ಉರುಳಿಸುವುದೆಂದು ಡಂಗುರ ಹೊಡೆದಿತ್ತು. ಉರುಳಿಸುವವರ ಮುಂದಾಳು ಬೇರೆ ಯಾರೂ ಅಲ್ಲ, ಭರತೇಶಪ್ಪನ ಮಗ, ರಾಜಮತಿಯ ಗಂಡ ಆದಿನಾಥ. ಅಪ್ಪನ ಎದುರಿಗೆ ಬಾಯಿ ಬಿಡುತ್ತಿರಲಿಲ್ಲ, ಅಪ್ಪನ ಬೆನ್ನ ಹಿಂದೆ ಕಾಕಾ ಶಾಂತಿನಾಥನ ಮನೆಯಲ್ಲೇ ಇರುತ್ತಿದ್ದ.

ಅದೇ ದಿನ ಮನೆಯ ಬಾವಿಯ ಹೂಳು ತೆಗೆಯುತ್ತಿದ್ದರು. ನೀರೆಲ್ಲ ಕೆಸರು. ಬಸದಿಯ ಬಾವಿ ಬೇಸಿಗೆಯಲ್ಲಿ ಪೂಜೆಗೆ ಸಾಕಾದರೆ ಹೆಚ್ಚು. ನೆರೆಯವರ ಬಾವಿಗಳಲ್ಲೆಲ್ಲ ಎತ್ತು ಕಟ್ಟಿ ಚರ್ಮದ ಚೀಲದಿಂದ ನೀರೆತ್ತುತ್ತಿದ್ದರು, ಚರ್ಮ ಇಳಿದ ಬಾವಿಯ ನೀರು ಆ ಮನೆಗೆ ನಡೆಯದು. ಏನು ಮಾಡಲಿ ಎಂದು ರಾಜಮತಿ ಗಂಡನನ್ನು ಕೇಳಿದಳು. ಅವನು, ಕಾಕಾನ ಬಾವಿಯಿಂದ ತಾ, ಅದೂ ಅಜ್ಜನ ಬಾವಿಯೇ ಅಲ್ಲವೇ ಎಂದುಬಿಟ್ಟ.

ಮಧ್ಯಾಹ್ನ ಹೋದಳು, ಸೇದಿದಳು. ಅಲ್ಲಿಯೇ ಸೋಸಿ ಜೀವಾಣಿ ಇಳಿಸಿ ಬರಬೇಕೆಂದಿದ್ದಳು. ಆದರೆ ಆದಿನಾಥ ಗೆಳೆಯರ ಜೊತೆ ಬಂದು ಬಾವಿಯ ಹಗ್ಗಕ್ಕಾಗಿ ನಿಂತಿದ್ದ. ಕಂಬ ಎಳೆಯಲು ಊರಲ್ಲಿ ಅಷ್ಟು ಗಟ್ಟಿ, ಅಷ್ಟು ಉದ್ದದ ಹಗ್ಗ ಬೇರೊಂದಿರಲಿಲ್ಲ. ಬೇಗ ಬೇಗ ಎಂದು ಅವಸರ ಮಾಡಿ ರಾಟೆಯಿಂದ ಬಿಚ್ಚಿಕೊಂಡು ಹೋಗಿಯೇಬಿಟ್ಟರು. ಅವಳು ಸೋಸದ ನೀರನ್ನೇ ಹೊತ್ತು ಬನಹಟ್ಟಿಗೆ ಬಂದಳು. ಮನೆಯಲ್ಲಿ ಸೋಸಿ, ಜೀವಾಣಿಯ ಗಿಂಡಿಯನ್ನು ಹೊಸ್ತಿಲ ಪಕ್ಕ ಇಟ್ಟು, ಮೇಲೆ ಅರಿವೆ ಮುಚ್ಚಿದಳು. ಹಗ್ಗ ಬಂದ ಕೂಡಲೇ ಹೋಗಿ ಇಳಿಸಿ ಬರುವುದೆಂದು ಅವಳ ಲೆಕ್ಕ.

ಭರತೇಶಪ್ಪ ಹೊಲದಿಂದ ಬಂದ. ಬಿಸಿಲಿಗೆ ಗಂಟಲು ಒಣಗಿತ್ತು. ಒಂದು ತಂಬಿಗೆ ನೀರನ್ನು ಗಟಗಟ ಕುಡಿದ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ಹೊತ್ತು ಮುಳುಗಲು ಇನ್ನೂ ಒಂದೂವರೆ ತಾಸಿತ್ತು.

"ಯಾವ ಬಾವಿ ನೀರವ್ವಾ?"

ರಾಜಮತಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ರಬಕವಿ ಕಾಕಾಂದು ಎಂದಳು.

ಅವನು ತಂಬಿಗೆಯನ್ನು ನೋಡಿದ. ಬೈಯಲಿಲ್ಲ. ಅದಕ್ಕೇ ತನಗೆ ಹೆದರಿಕೆಯಾಯಿತು ಎನ್ನುತ್ತಿದ್ದಳು ರಾಜಮತಿ. ತಟ್ಟೆಯನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ ಎದ್ದ. ಎದ್ದ ಮೇಲೆ ಶುರುವಾಯಿತು. ಮಗನಿಗೆ ಬೈದ, ಮುಂಬೈಗೆ ಬೈದ, ಹೂಳು ತೆಗೆಯುವವರಿಗೆ ಬೈದ, ಟೊಪ್ಪಿಗೆ ಹೊಲಿಯುವ ಸಿಂಪಿಗನಿಗೂ ಬೈದ. ಹತ್ತು ವರ್ಷ ಕಾದ ಆಣೆಯನ್ನು ಸ್ವಂತ ಮನೆಯಲ್ಲಿ ಸ್ವಂತ ತಂಬಿಗೆಯಲ್ಲಿ ಮುರಿಸಿದರಲ್ಲ ಎಂದು ನಡುಮನೆಯಲ್ಲಿ ಓಡಾಡಿದ. ಹಾಗೆ ಓಡಾಡುವಾಗ ಕಾಲು ಹೊಸ್ತಿಲ ಪಕ್ಕದ ಗಿಂಡಿಯ ಹತ್ತಿರ ಬಂದು ನಿಂತಿತು.

ಜೀವಾಣಿ ಇನ್ನೂ ಇಲ್ಲೇ ಇದೆ ಎಂದು ಗೊತ್ತಾದಾಗ ಅವನ ಬೈಗುಳ ನಿಂತಿತು.

ತಾನು ಈಗಲೇ ಒಯ್ಯುತ್ತೇನೆಂದಳು ಸೊಸೆ. ಹೇಗೆ ಒಯ್ಯುತ್ತಾಳೆ? ರಸ್ತೆಯ ತುಂಬ ಹಲಗೆ ಬಾರಿಸುವವರು, ಗುಲಾಲು, ಕುಣಿಯುವ ಗಂಡಸರು. ಆಳು ಭೀಮಪ್ಪನನ್ನು ಕಳಿಸೋಣವೆಂದರೆ ಅವನು ಹಿಂದೊಮ್ಮೆ ಇಂಥದ್ದೇ ಗಿಂಡಿಯನ್ನು ದಾಸವಾಳದ ಬುಡಕ್ಕೆ ಸುರಿದು, ನೀರಲ್ಲೇನಿತ್ತು ಯಜಮಾನ್ರ, ನೀರೇ ಇತ್ತು ಎಂದಿದ್ದ. ಭರತೇಶಪ್ಪನ ಹೆಂಡತಿ ಅಕ್ಕವ್ವ ಇಷ್ಟು ಹೊತ್ತೂ ಬಾಗಿಲಿಗೆ ಆತು ನಿಂತು ಎಲ್ಲ ಕೇಳುತ್ತಿದ್ದಳು. ಈಗ ಮಾತಾಡಿದಳು.

"ನಿಮ್ಮ ಆಣಿ ದೊಡ್ಡದೋ, ಈ ಗಿಂಡ್ಯಾಗಿನ ಜೀವ ದೊಡ್ಡವೋ? ಅವಕ್ಕ ನಿಮ್ಮ ಜಗಳ ಗೊತ್ತಿಲ್ಲ."

ಭರತೇಶಪ್ಪ ಗೂಟದಿಂದ ರುಮಾಲು ತೆಗೆದು ಸುತ್ತಿಕೊಂಡ. ಎಂಥ ಸಿಟ್ಟಿನಲ್ಲೂ ಬರಿ ತಲೆಯಲ್ಲಿ ಹೊರಗೆ ಹೋಗುವವನಲ್ಲ, ಅದೂ ಆ ಅಂಗಳಕ್ಕೆ. ಬಲಗೈಯಲ್ಲಿ ಗಿಂಡಿ ಹಿಡಿದ, ಎಡ ಹೆಗಲಿಗೆ ಮನೆಯ ಬಾವಿಯ ಹಗ್ಗ ಹಾಕಿದ. ತಮ್ಮನ ಹಗ್ಗವನ್ನೂ ಮುಟ್ಟುವುದಿಲ್ಲ ಎಂದು ಹೇಳಿಯೇ ಹೊರಟ.

ನಾಕಾದ ಹತ್ತಿರ ಜಾತ್ರೆಯಂಥ ಗದ್ದಲ. ಕಂಬದ ತುದಿಗೆ ಹಗ್ಗ ಬಿಗಿದು ಹತ್ತಿಪ್ಪತ್ತು ಹುಡುಗರು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಒಂದು ಚಕ್ಕಡಿಯ ಮೇಲೆ ಮಹಾಲಿಂಗಪ್ಪ ಎಂಬ ಗುತ್ತಿಗೆದಾರ ಭಾಷಣ ಮಾಡುತ್ತಿದ್ದ. ಹೊಚ್ಚ ಹೊಸ ಬಿಳಿ ಟೊಪ್ಪಿಗೆ, ಇನ್ನೂ ಗಂಜಿ ಬಿಟ್ಟಿರಲಿಲ್ಲ. ಹೋದ ದೀಪಾವಳಿಯವರೆಗೆ ಇದೇ ಮನುಷ್ಯ ರಾಜನ ಬೇಟೆಯ ಡೇರೆ ಸಾಗಿಸಲಿಕ್ಕೆಂದು ರೈತರ ಚಕ್ಕಡಿಗಳನ್ನು ಬಿಟ್ಟಿಗೆ ಹಿಡಿದು ಕಳಿಸುತ್ತಿದ್ದವನು. ಈಗ ದಾಸ್ಯದ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದ.

ಭರತೇಶಪ್ಪನನ್ನು ಕಂಡದ್ದೇ ಮಹಾಲಿಂಗಪ್ಪ ಮಾತು ನಿಲ್ಲಿಸಿ, ಹಿರಿಯರು ಬಂದರು, ಹಗ್ಗಕ್ಕೆ ಮೊದಲ ಕೈ ಅವರದೇ ಆಗಲಿ ಎಂದು ಕರೆದ. ಹುಡುಗರು ದಾರಿ ಬಿಟ್ಟರು. ಹಗ್ಗದ ತುದಿ ಹಿಡಿದಿದ್ದ ಆದಿನಾಥ ಅಪ್ಪನ ಕೈಯಲ್ಲಿ ಗಿಂಡಿ ನೋಡಿ, ಅದು ಏನೆಂದು ಗೊತ್ತಾಗಿ, ತಲೆ ತಗ್ಗಿಸಿದ.

ನನ್ನ ಎರಡೂ ಕೈಯಲ್ಲಿ ಕೆಲಸ ಇದೆ, ದಾರಿ ಬಿಡಿ ಎಂದ ಭರತೇಶಪ್ಪ. ಯಾವ ಕೆಲಸ ಎಂದು ಕೇಳಿದರು. ರಬಕವಿ ಬಾವಿಯ ಜೀವಾಣಿ ರಬಕವಿ ಬಾವಿಗೆ ಎಂದ. ಮಹಾಲಿಂಗಪ್ಪ ಚಕ್ಕಡಿಯ ಮೇಲಿನಿಂದಲೇ ನಕ್ಕ.

"ಯಜಮಾನ್ರ, ಇವತ್ತಿನಿಂದ ಎರಡೂ ಊರು ಒಂದ ಆದುವು. ಅಷ್ಟು ದೂರ ಯಾಕ ನಡೀತೀರಿ? ಬನಹಟ್ಟಿ ಬಾವ್ಯಾಗ ಹಾಕಿದ್ರ ಆತು."

ಹುಡುಗರೂ ನಕ್ಕರು. ಭರತೇಶಪ್ಪ ನಗು ಮುಗಿಯುವವರೆಗೆ ಕಾದ.

"ರಾಜ್ಯ ಕೂಡಿದ್ರ ಬಾವಿ ಕೂಡ್ತಾವೇನಲೇ? ನೀ ಟೊಪಿಗಿ ಬದಲ ಮಾಡಿದಿ, ನಿನಗ ಎಲ್ಲಿ ನೀರಾದರೂ ನಡಿತೈತಿ. ಈ ಜೀವಕ್ಕ ತನ್ನ ಬಾವಿನ ಬೇಕು. ಹೋದ ವರ್ಷ ನನ್ನ ಚಕ್ಕಡಿ ಹಿಡದಾಂವ ನೀನ, ಇವತ್ತ ಚಕ್ಕಡಿ ಮ್ಯಾಲೆ ನಿಂತಾಂವನೂ ನೀನ. ನನಗ ರಾಜ ಹೋಗಿದ್ದಕ್ಕ ಸಿಟ್ಟಿಲ್ಲ. ರಾಜ ಹೋಗಿ ನೀ ಉಳದೀಯಲ್ಲ, ಅದಕ್ಕ ಐತಿ."

ಹಲಗೆಯವನ ಕೈ ನಿಂತಿತು.  ಚಕ್ಕಡಿ ಕಳೆದುಕೊಂಡವರು ಅಲ್ಲಿ ಇನ್ನೂ ನಾಲ್ಕು ಜನರಿದ್ದರಂತೆ. ಮಹಾಲಿಂಗಪ್ಪ ಟೊಪ್ಪಿಗೆ ಸರಿಮಾಡಿಕೊಂಡು, ಹಳೆಯ ಜನ, ಹೀಗೇ ಇರುತ್ತಾರೆ ಎಂದು ಭಾಷಣಕ್ಕೆ ತಿರುಗಿದ.

ನಾಕಾದ ಗುರಪ್ಪ ತನ್ನ ಗುಡಿಸಲಿನ ಮುಂದೆ ಕೂತಿದ್ದ. ಹುಡುಗರು ಚೇಷ್ಟೆಗೆ ಅವನ ಕೊರಳಿಗೊಂದು ಚೆಂಡುಹೂವಿನ ಮಾಲೆ ಹಾಕಿದ್ದರು. ಭರತೇಶಪ್ಪ ಬಂದು ಕಂಬದ ಮುಂದೆ ನಿಂತ. ಕೆಳಗೆ ಬಗ್ಗಿ ದಾಟಬಹುದಿತ್ತು, ಬಗ್ಗಲಿಲ್ಲ. ಗುರಪ್ಪ ಎದ್ದ. ಮೂವತ್ತು ವರ್ಷದ ರೂಢಿಯಿಂದ ಬಾಯಿಗೆ ಅದೇ ಮಾತು ಬಂತು.

"ಏನ ಒಯ್ಯಾಕತ್ತೀರಿ ಯಜಮಾನ್ರ?"

"ಜೀವ ಒಯ್ಯಾಕತ್ತೇನಿ."

ಗುರಪ್ಪ ಗಿಂಡಿಯೊಳಗೆ ಇಣುಕಿ ನೋಡಿದ. ಜೀವಕ್ಕೆ ಜಕಾತಿ ಇಲ್ಲ ಎಂದು ಹೇಳಿ, ಕಟ್ಟಿದ ಹಗ್ಗದ ಸಮೇತ ಕಂಬವನ್ನು ಎತ್ತಿ ಹಿಡಿದ. ಅವನು ಕಂಬ ಎತ್ತಿದ್ದು ಅದೇ ಕೊನೆಯ ಸಲ. ಭರತೇಶಪ್ಪ ದಾಟಿ ಐವತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಕಂಬ ಮುರಿದ ಸದ್ದು ಕೇಳಿತು. ಅವನು ತಿರುಗಿ ನೋಡಲಿಲ್ಲ. ಗಿಂಡಿಯ ನೀರು ತುಳುಕಬಾರದಿತ್ತು.

ರಬಕವಿಯ ತೋಟದ ಮನೆ ಮುಟ್ಟಿದಾಗ ಸೂರ್ಯ ಜಾಲಿಮರದ ತಲೆಯ ಮೇಲಿದ್ದ. ಅಂಗಳಕ್ಕೆ ಒಂದು ಗಡಿಕಲ್ಲಿತ್ತು. ಅಲ್ಲಿ ನಿಂತ. ಒಳಗೆ ಕಟ್ಟೆಯ ಮೇಲೆ ಶಾಂತಿನಾಥ ಒಬ್ಬನೇ ಕೂತಿದ್ದ. ಊರೆಲ್ಲ ನಾಕಾದಲ್ಲಿ ಕುಣಿಯುವಾಗ, ಅದಕ್ಕಾಗಿ ಜೈಲಿಗೆ ಹೋಗಿ ಬಂದವನು ಮನೆಯಲ್ಲಿ ಶೇಂಗಾ ಸುಲಿಯುತ್ತಿದ್ದ. ಮಹಾಲಿಂಗಪ್ಪನ ಪಕ್ಕದಲ್ಲಿ ಚಕ್ಕಡಿ ಹತ್ತಲಾರೆನೆಂದು ಉಳಿದುಬಿಟ್ಟಿದ್ದನಂತೆ. ಅಣ್ಣನಿಗೆ ಅದು ಗೊತ್ತಿರಲಿಲ್ಲ. ಇವನು ಇಲ್ಲಿ ಯಾಕಿದ್ದಾನೆ ಎಂದು ಅದಕ್ಕೂ ಸಿಟ್ಟಾಯಿತು. ಖಾಲಿ ಅಂಗಳವೆಂದು ಬಂದಿದ್ದ.

ಗಿಂಡಿಯನ್ನೊಮ್ಮೆ ನೋಡಿಕೊಂಡ. ಕಾಲು ಒಳಗಿಟ್ಟ.

ಶಾಂತಿನಾಥ ಎದ್ದು ನಿಂತ. ಮಡಿಲಿನ ಶೇಂಗಾ ಚೆಲ್ಲಿತು. ಅಣ್ಣ ಅವನ ಕಡೆ ನೋಡದೆ ನೆಟ್ಟಗೆ ಬಾವಿಗೆ ಹೋದ. ಗಿಂಡಿಯ ಕೊಂಡಿಗೆ ಹಗ್ಗ ಕಟ್ಟಿ, ಕಡ್ಡಿ ಸಿಕ್ಕಿಸಿ ಮೆಲ್ಲಗೆ ಇಳಿಸಿದ. ಇಳಿಸುತ್ತಾ ಹೋದ. ಹಗ್ಗ ಮುಗಿಯಿತು, ನೀರು ಸಿಗಲಿಲ್ಲ.

ತಪ್ಪು ಎಲ್ಲಿಯದೆಂದು ಅವನಿಗೆ ಕೂಡಲೇ ಹೊಳೆಯಿತು. ತಂದದ್ದು ಬನಹಟ್ಟಿ ಬಾವಿಯ ಅಳತೆಯ ಹಗ್ಗ. ಈ ಬಾವಿ ಹತ್ತು ಮೊಳ ಹೆಚ್ಚು ಆಳ, ಸಾಲದ್ದಕ್ಕೆ ಬೇಸಿಗೆ. ಚಿಕ್ಕಂದಿನಲ್ಲಿ ದಿನಾ ನೋಡಿದ ಬಾವಿಯ ಆಳವನ್ನೇ ಹತ್ತು ವರ್ಷದ ಸಿಟ್ಟಿನಲ್ಲಿ ಮರೆತಿದ್ದ.

ಒಳಗಿನಿಂದ ಬಂದ ತಮ್ಮನ ಹೆಂಡತಿ ಹೀರಾ, ನಮ್ಮ ಹಗ್ಗವನ್ನು ಆದಿನಾಥ ಕಂಬ ಎಳೆಯಲು ಒಯ್ದಿದ್ದಾನೆ, ತರಲು ಯಾರನ್ನಾದರೂ ಕಳಿಸುತ್ತೇವೆ, ಅಲ್ಲಿಯವರೆಗೆ ಕೂತುಕೊಳ್ಳಿ ಭಾವನವರೇ ಎಂದಳು. ಆ ಗದ್ದಲದಿಂದ ಹಗ್ಗ ಬಿಡಿಸಿ ತರುವಷ್ಟರಲ್ಲಿ ಕತ್ತಲಾಗುತ್ತದೆ. ಗಿಂಡಿಯೊಳಗಿನ ಜೀವ ಅಷ್ಟು ಹೊತ್ತು ಉಳಿಯುವುದಿಲ್ಲ.

ಭರತೇಶಪ್ಪ ಹಗ್ಗದ ತುದಿಯನ್ನು ಪಾದದ ಕೆಳಗೆ ಒತ್ತಿ ಹಿಡಿದ. ಎರಡೂ ಕೈ ಎತ್ತಿ ತಲೆಯ ಮೇಲಿನ ರುಮಾಲು ಬಿಚ್ಚತೊಡಗಿದ.

ಶಾಂತಿನಾಥನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಓಡಿ ಬಂದ.

"ಅಣ್ಣಾ, ಅದನ್ನ ಬಿಚ್ಚಬ್ಯಾಡ. ಅಪ್ಪಂದು ಅದು."

ಹತ್ತು ವರ್ಷದ ಮೇಲೆ ಅಣ್ಣ ತಮ್ಮನ ಮುಖ ನೋಡಿದ.

"ನೀನ ಅಂದೆಲ್ಲ ಇದು ಹಗ್ಗ ಅಂತ, ಮಂದ್ಯಾಗ ನಿಂತು. ನೋಡೂಣು, ಹಗ್ಗ ಆಗತೈತೇನು."

ಹಾಗೆ ಹೇಳಿ ದಾಳಿಂಬೆ ಬಣ್ಣದ ಜರಿಯ ರುಮಾಲನ್ನು ಹುರಿ ಮಾಡಿ, ಹಗ್ಗದ ತುದಿಗೆ ಗಂಟು ಹಾಕಿ ಬಾವಿಗೆ ಇಳಿಬಿಟ್ಟ. ಅರಿವೆ ಹಳೆಯದು, ಕೈ ಮುದಿ. ಹುರಿ ಅಂಗೈಯಲ್ಲಿ ಜಾರತೊಡಗಿತು. ಹಿಂದಿನಿಂದ ಇನ್ನೆರಡು ಕೈ ಬಂದು ರುಮಾಲಿನ ಸೆರಗನ್ನು ಹಿಡಿದವು. ಅಣ್ಣ ಬಿಡು ಎನ್ನಲಿಲ್ಲ. ಇಬ್ಬರೂ ಮೊಳ ಮೊಳವಾಗಿ ಇಳಿಸಿದರು. ಕೆಳಗೆ ಕಡ್ಡಿ ಜಾರಿದ್ದು ಕೈಗೆ ಗೊತ್ತಾಯಿತು. ಮೆಲ್ಲಗೆ ಎಳೆದರು, ಗಿಂಡಿ ಹಗುರಾಯಿತು.

ಇಲ್ಲಿಗೆ ಮುಗಿಯಿತು, ಅಪ್ಪಿಕೊಂಡರು ಎಂದು ಯಾರಾದರೂ ಅಂದುಕೊಂಡಿದ್ದರೆ ನೀವು ನಮ್ಮ ಊರಿನವರಲ್ಲ. ಅಲ್ಲಿಂದ ಜಗಳ ಶುರುವಾಯಿತು. ಹತ್ತು ವರ್ಷದ್ದು ಬಾಕಿ ಇತ್ತಲ್ಲ.

ಆ ರುಮಾಲು ಬಂದದ್ದು ಈ ಬಾವಿಯಿಂದ, ರಾಜನಿಂದಲ್ಲ ಎಂದ ತಮ್ಮ. ಬಾವಿ ಎಲ್ಲರದೂ ಇತ್ತು, ರುಮಾಲು ಕೊಟ್ಟವನು ಒಬ್ಬನೇ ಎಂದ ಅಣ್ಣ. ಅಪ್ಪ ಊರಿಗೆಲ್ಲ ನೀರು ಕೊಟ್ಟ, ಜಾತಿ ನೋಡಲಿಲ್ಲ, ಅವತ್ತೇ ಸ್ವಾತಂತ್ರ್ಯ ಬಂದಿತ್ತು ಎಂದ ತಮ್ಮ. ಕೊಟ್ಟ, ಆದರೆ ಹಗ್ಗ ಮಾತ್ರ ಕೊನೆಯವರೆಗೂ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ, ಅದನ್ನು ಯಾಕೆ ಸಭೆಯಲ್ಲಿ ಹೇಳುವುದಿಲ್ಲ ಎಂದ ಅಣ್ಣ. ಅದನ್ನು ಹೇಳಲು ನನಗೆ ನಾಚಿಕೆ ಎಂದ ತಮ್ಮ. ನಾಚಿಕೆಯೇ, ಅವನ ಅಂಗೈ ಸುಲಿದದ್ದನ್ನು ನೀನು ನೋಡಿಲ್ಲವೇ, ಎಣ್ಣೆ ಹಚ್ಚಿದವನು ನಾನು, ನೀನು ಹುಣಸೆಮರದ ಕೆಳಗೆ ಗೋಟಿ ಆಡುತ್ತಿದ್ದೆ ಎಂದ ಅಣ್ಣ. ಶಾಂತಿನಾಥನಿಗೂ ಸಿಟ್ಟು ಬಂತು. ಈ ಸ್ವರಾಜ್ಯಕ್ಕಾಗಿ ಆರು ತಿಂಗಳು ಹುಳು ಆರಿಸಿ ತೆಗೆದು ಜೈಲಿನ ಜೋಳ ತಿಂದವನು ತಾನು, ಇವತ್ತು ಚಕ್ಕಡಿಯ ಮೇಲೆ ನಿಂತವನು ಯಾರು ನೋಡಿದೆಯಾ ಎಂದು ಕೇಳಿದ.

ನೋಡಿದೆ, ನಿನಗಾಗಿ ಅವನಿಗೆ ನಾಲ್ಕು ಮಾತು ಅಂದೇ ಬಂದೆ ಎಂದ ಭರತೇಶಪ್ಪ. ನಿನಗಾಗಿ ಎಂದು ಬಾಯಿ ತಪ್ಪಿ ಬಂದಿತ್ತೋ ಏನೋ. ಹಿಂದೆಗೆಯಲಿಲ್ಲ.

ಹೀರಾ ಎರಡು ಸಲ ಬಂದು ರೊಟ್ಟಿ ಹಾಕಿದ್ದೇನೆ ಎಂದಳು. ಮೊದಲ ಸಲ ಇಬ್ಬರಿಗೂ ಕೇಳಿಸಲಿಲ್ಲ. ಎರಡನೇ ಸಲ, ಈ ಮನೆಯ ಅನ್ನದ ಮೇಲೆ ಆಣೆ ಮಾಡಿದ್ದೆನೋ ಇಲ್ಲವೋ ಎಂದು ಅಣ್ಣ ನೆನಪು ಮಾಡಿಕೊಳ್ಳತೊಡಗಿದ. ನೀರು, ಅಂಗಳ, ಮಾತು, ನೀನು ಹೇಳಿದ್ದು ಮೂರೇ, ಅನ್ನ ಹೇಳಿರಲಿಲ್ಲ ಎಂದ ತಮ್ಮ. ಹೇಳಿದ್ದೆ ಎಂದ ಅಣ್ಣ. ಅದರ ಮೇಲೆ ಮತ್ತೊಂದು ಸುತ್ತು. ಮೂರನೇ ಸಲ ಹೀರಾ ಬಂದಾಗ ಏನೂ ಹೇಳದೆ ಪಡುವಣಕ್ಕೆ ಕೈ ತೋರಿಸಿದಳು. ಜಾಲಿಮರದ ಹಿಂದೆ ಸೂರ್ಯ ಇರಲಿಲ್ಲ.

ಹೊತ್ತು ಮುಳುಗಿದ ಮೇಲೆ ಜೈನರಾದ ಇಬ್ಬರಿಗೂ ಊಟವಿಲ್ಲ. ನೀರೂ ಇಲ್ಲ. ಒಬ್ಬ ಮುಂದಿಟ್ಟ ತಟ್ಟೆ ಬಿಟ್ಟು ಎದ್ದವನು, ಇನ್ನೊಬ್ಬ ಬೆಳಗಿನಿಂದ ಸಿಟ್ಟಿಗೆ ಶೇಂಗಾ ಸುಲಿದು ಒಂದನ್ನೂ ತಿನ್ನದವನು.  ನಿನ್ನಿಂದ ಎಂದ ಅಣ್ಣ. ನಿನ್ನಿಂದ ಎಂದ ತಮ್ಮ.

ಬಾವಿಯ ಕಟ್ಟೆಯ ಮೇಲೆ ರುಮಾಲು ಬಿದ್ದಿತ್ತು. ಹುರಿಯಾಗಿ, ನೆರಿಗೆ ನೆರಿಗೆಯಾಗಿ, ಗಂಟು ಬಿಚ್ಚಿದ ಕಡೆ ಜರಿ ಮುದುರಿತ್ತು. ಅದನ್ನು ಹಾಗೇ ತಲೆಗೆ ಸುತ್ತಲು ಬರುವುದಿಲ್ಲ. ಇಪ್ಪತ್ತು ಮೊಳದ ರುಮಾಲಿನ ನೆರಿಗೆ ಬಿಡಿಸಲು ಇಬ್ಬರು ಬೇಕು, ಎರಡು ತುದಿ ಹಿಡಿದು ಬಿಗಿಯಾಗಿ ಎಳೆದು ಜಾಡಿಸಬೇಕು. ನೇಮಣ್ಣ ಇದ್ದಾಗ ಪ್ರತಿ ದಸರೆಗೆ ಆ ಕೆಲಸ ಈ ಇಬ್ಬರದೇ ಆಗಿತ್ತು. ಭರತೇಶಪ್ಪ ಒಂದು ತುದಿಯನ್ನು ತಮ್ಮನ ಕಡೆ ಎಸೆದ. ತಮ್ಮ ಹಿಡಿದು ಅಂಗಳದ ಆ ಕೊನೆಗೆ, ಗಡಿಕಲ್ಲಿನವರೆಗೆ ಹಿಂದೆ ಹಿಂದೆ ನಡೆದ. ನಾಕಾದ ಕಡೆಯಿಂದ ಇನ್ನೂ ಹಲಗೆ ಕೇಳುತ್ತಿತ್ತು. ಬನಹಟ್ಟಿಯ ಕಡೆಯಿಂದ ರಾಜಮತಿ, ಹೆಗಲ ಮೇಲೆ ಬಾವಿಯ ಹಗ್ಗ ಹೊತ್ತ ಗಂಡನ ಜೊತೆ, ಮಾವನನ್ನು ಹುಡುಕಿಕೊಂಡು ಆಗಷ್ಟೇ ಬಂದು ನಿಂತಿದ್ದಳು. ಅವಳು ಕಣ್ಣಾರೆ ಕಂಡದ್ದು ಇದನ್ನೇ.

ತಮ್ಮ ಮೆಲ್ಲಗೆ ಎಳೆದ, ಹಳೆಯ ಅರಿವೆ ಹರಿದೀತೆಂದು. ಭರತೇಶಪ್ಪ ತನ್ನ ತುದಿಯನ್ನು ಎರಡೂ ಮುಷ್ಟಿಯಲ್ಲಿ ಬಿಗಿದು, ಕಾಲು ಊರಿ ನಿಂತ.

"ಜೈಲಿಗೆ ಹೋಗಿ ಬಂದಾಂವ, ಇಷ್ಟ ಏನ ನಿನ್ನ ತಾಕತ್ತು? ಬರೋಬ್ಬರಿ ಎಳಿ."

ಎಂದು ಹೇಳಿ, ತಾನೇ ಮೊದಲು ಎಳೆದ.